ಕಣ್ಣೊರೆಸುವವನು

"ಲೋ ಕತ್ತೆ ಸೂಳೆಮಗನೆ, ಕಣ್ಣು ಒರೆಸು ಅಂದ್ರೆ ಕಣ್ಣಿಗೆ ಗಾರೆ ಮೆತ್ತಿದೀಯಲ್ಲೋ! ಒದ್ದೆ ಬಟ್ಟೆ ಹಾಕಬೇಡ ಅಂತ ಎಷ್ಟು ಸಲ ಬಡ್ಕೊಂಡಿಲ್ಲ ನಾನು?"

ದಫೇದಾರ ಬೈಕಿನಿಂದ ಇಳಿಯದೆ ಒಂದು ಕಾಲನ್ನು ನೆಲಕ್ಕೂರಿ ಕೂಗುತ್ತಿದ್ದ. ತುದಿಗೆ ಬಟ್ಟೆ ಕಟ್ಟಿದ ಗಳ ಹಿಡಿದವನು ತಲೆಯೆತ್ತಿ ಕಂಬದ ತುದಿ ನೋಡಿದ. ದಫೇದಾರ ಹೇಳಿದ್ದು ನಿಜವೇ. ಕ್ರಷರಿನ ಪುಡಿ ಒಣಗಿರುವಾಗ ಹಿಟ್ಟು, ನೀರು ತಾಗಿತೋ ಗಾರೆ. ಕ್ಯಾಮೆರಾದ ಗಾಜಿನ ಅರ್ಧಕ್ಕೆ ಬೂದುಬಣ್ಣದ ಪೊರೆ ಕೂತಿತ್ತು, ಮುದುಕರ ಕಣ್ಣಿಗೆ ಬರುವಂಥದ್ದು.

"ನೀರು ಹಾಕ್ಲಿಲ್ಲ ಸಾರ್. ಬೆವರು."

"ನಿನ್ನ ಬೆವರಿಗೆ ಬೆಂಕಿ ಬೀಳ. ಒಣ ಬಟ್ಟೆ ಕಟ್ಟು, ಉಜ್ಜು. ಉಜ್ಜಿ ಠಾಣೆಗೆ ಬಾ, ತೆರೆ ಮೇಲೆ ನೋಡಿ ಹೇಳ್ತೀನಿ. ಮಂಜು ಕಂಡ್ರೆ ನಿನ್ನ ಕಣ್ಣು ಕೀಳ್ತೀನಿ."

ಬೇಸಿಗೆ ನಡುಮಧ್ಯಕ್ಕೆ ಬಂದಿತ್ತು. ಮಳೆ ಇನ್ನೂ ಎರಡು ತಿಂಗಳ ದೂರ. ಈ ದಿನಗಳಲ್ಲಿ ಬೆಳಿಗ್ಗೆ ಏಳಕ್ಕೆ ಕ್ರಷರಿನ ಬಾಯಿ ತೆರೆದರೆ ಸಂಜೆ ಆರಕ್ಕೆ ಮುಚ್ಚುತ್ತಿತ್ತು. ಬಂಡೆ ಒಳಗೆ ಹೋಗಿ ಜಲ್ಲಿಯಾಗಿ ಹೊರಗೆ ಬರುವಷ್ಟರಲ್ಲಿ ಅದರ ಉಸಿರೆಲ್ಲ ಬಿಳಿ ಪುಡಿಯಾಗಿ ಎದ್ದು ಕೂಲಿಗಳ ಕೇರಿಯ ಮೇಲೆ ಇಳಿಯುತ್ತಿತ್ತು. ತಗಡು, ಹಂಚು, ಒಣಹಾಕಿದ ಬಟ್ಟೆ, ಮಕ್ಕಳ ರೆಪ್ಪೆ, ಎಲ್ಲವೂ ಒಂದೇ ಬಣ್ಣ. ಕೆಲಸ ಬಿಟ್ಟು ಬರುವ ಗಂಡಸರನ್ನು ಕೆಮ್ಮಿನಿಂದ ಗುರುತು ಹಿಡಿಯಬೇಕೇ ಹೊರತು ಮುಖದಿಂದಲ್ಲ.

ಆ ಕೇರಿಗೆ ಕಳೆದ ವರ್ಷ ಪೊಲೀಸರು ಆರು ಕಂಬ ನೆಟ್ಟಿದ್ದರು. ಒಂದೊಂದರ ತುದಿಗೂ ಒಂದೊಂದು ಕ್ಯಾಮೆರಾ. ಕೊಡಿಸಿದ್ದು ಕ್ರಷರಿನ ಧಣಿ. ಕಳ್ಳತನ ತಪ್ಪಲಿ ಎಂದು ಧರ್ಮಾರ್ಥವಾಗಿ ಕೊಟ್ಟೆ ಎಂದು ಅವರು ಫಲಕ ಬರೆಸಿ ಒಂದನೇ ಕಂಬಕ್ಕೆ ಕಟ್ಟಿಸಿದ್ದರು. ಕೇರಿಯಲ್ಲಿ ಕದಿಯುವಂಥದ್ದು ಏನಿದೆ ಎಂದು ಯಾರೂ ಕೇಳಲಿಲ್ಲ. ಆದರೆ ಧೂಳು ಯಾರ ಮಾತನ್ನೂ ಕೇಳುವುದಿಲ್ಲವಲ್ಲ. ಎರಡೇ ದಿನಕ್ಕೆ ಆರೂ ಕುರುಡಾದವು. ಧಣಿ ಮೇಸ್ತ್ರಿಗೆ ಹೇಳಿದರು, ಮೇಸ್ತ್ರಿ ಆಳುಗಳ ಸಾಲನ್ನು ನೋಡಿ ಎಲ್ಲರಿಗಿಂತ ಉದ್ದ ಇದ್ದವನ ಕೈಗೆ ಗಳ ಕೊಟ್ಟ. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಮೂರಕ್ಕೆ ಒಮ್ಮೆ. ಬಿಟ್ಟಿ ಕೆಲಸ. ಒರೆಸಿ ಬಂದ ಮೇಲೆ ಅಷ್ಟು ಹೊತ್ತಿನ ಬಾಂಡ್ಲಿಗಳನ್ನೂ ಅವನೇ ಹೊರಬೇಕು.

ಹೆಸರಿಟ್ಟವಳು ದೊಡ್ಡವ್ವ. ಬಾಯಲ್ಲಿ ಮೂರು ಹಲ್ಲು ಉಳಿದಿದ್ದರೂ ಕೇರಿಯಲ್ಲಿ ಅವಳಷ್ಟು ಚೆನ್ನಾಗಿ ಕಚ್ಚುವವರು ಇರಲಿಲ್ಲ.

"ಬಂದ್ನಪ್ಪ ಕಣ್ಣೊರೆಸೋನು! ಇಷ್ಟು ದಿನ ಸರ್ಕಾರ ಬಾಯಿಮಾತಲ್ಲಿ ನಮ್ಮ ಕಣ್ಣೊರೆಸ್ತಿತ್ತು. ಈಗ ಅದಕ್ಕೇ ಕಣ್ಣು ಬಂದಿದೆ, ಒರೆಸೋಕೆ ನಾವೇ ಬೇಕು ನೋಡ್ರೇ."

ಹೆಂಗಸರು ನಕ್ಕರು. ಅವನ ಹೆಂಡತಿಯೂ ನಕ್ಕಳು. ಆ ನಗು ಅವನಿಗೆ ಚುಚ್ಚಿತು. ಹೆಸರು ಅಂಟಿಕೊಂಡಿತು.

*

ಠಾಣೆಯ ಹಿಂದಿನ ಕೋಣೆಯಲ್ಲಿ ಫ್ಯಾನಿತ್ತು, ಚಹಾ ಇತ್ತು, ಗೋಡೆಗೆ ಒಂದು ದೊಡ್ಡ ತೆರೆ ಇತ್ತು. ತೆರೆಯಲ್ಲಿ ಆರು ಚೌಕದ ಮನೆ, ಒಂದೊಂದು ಕಂಬಕ್ಕೆ ಒಂದೊಂದು. ಯಾವ ಮನೆ ಮಂಜಾಗಿದೆಯೋ ನೋಡಿ ಮತ್ತೆ ಹೋಗಿ ಒರೆಸಲೆಂದು ದಫೇದಾರ ಅವನನ್ನು ಒಳಕ್ಕೆ ಬಿಡುತ್ತಿದ್ದ. ಅವನು ನೆಲದ ಮೇಲೆ ಕೂತು ನೋಡಬೇಕು. ಕುರ್ಚಿಗೆ ಪುಡಿ ಹತ್ತುತ್ತದೆ.

ಮೊದಲ ದಿನ ಅವನು ಬೆರಗಾಗಿ ನೋಡಿದ್ದ. ತಾನು ಹುಟ್ಟಿದ ಕೇರಿಯನ್ನು ಅವನು ಮೇಲಿನಿಂದ ಕಂಡಿರಲೇ ಇಲ್ಲ. ಎರಡನೇ ದಿನ ನಾಲ್ಕನೇ ಮನೆಯಲ್ಲಿ ಅವನ ಹೆಂಡತಿ ಕಂಡಳು.

ಅವಳಿಗೆ ಕ್ರಷರಿನಲ್ಲಿ ಜರಡಿ ಹಿಡಿಯುವ ಕೆಲಸ, ಮಧ್ಯಾಹ್ನಕ್ಕೆ ಬಿಡುವು. ಅವನದು ಸಂಜೆಯವರೆಗೆ. ಆದ್ದರಿಂದ ಹನ್ನೊಂದು ವರ್ಷದ ಸಂಸಾರದಲ್ಲಿ ಅವಳ ಮಧ್ಯಾಹ್ನಗಳನ್ನು ಅವನು ನೋಡಿರಲಿಲ್ಲ. ತೆರೆಯಲ್ಲಿ ಅವಳು ನಲ್ಲಿಯ ಹತ್ತಿರ ಕೊಡ ಇಟ್ಟು ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು. ಯಾರಿಗೋ ಏನೋ ಹೇಳಿದಳು. ತಲೆ ಹಿಂದಕ್ಕೆ ಚೆಲ್ಲಿ ನಕ್ಕಳು. ಮನೆಯಲ್ಲಿ ಅವಳು ಹಾಗೆ ನಗುವುದಿಲ್ಲ. ಮನೆಯಲ್ಲಿ ಅವಳ ನಗು ತುಟಿಯಷ್ಟೇ ಅಗಲ.

ಯಾರ ಜೊತೆ ನಕ್ಕಳು? ಆ ಕಡೆ ಇದ್ದವರು ತೆರೆಯ ಅಂಚಿನಾಚೆ ಇದ್ದರು.

ಅಂದಿನಿಂದ ಅವನಿಗೆ ಗಳ ಭಾರವಾಗಲಿಲ್ಲ. ಮೂರು ಗಂಟೆ ಯಾವಾಗ ಆದೀತೆಂದು ಕಾಯತೊಡಗಿದ. ನಾಲ್ಕನೇ ಗಾಜನ್ನು ಉಳಿದ ಐದಕ್ಕಿಂತ ಹೆಚ್ಚು ಹೊತ್ತು ಉಜ್ಜಿದ. ಅವಳು ಯಾವ ಮನೆಯ ಮೆಟ್ಟಿಲೇರಿದಳು, ಎಷ್ಟು ಹೊತ್ತಿಗೆ ಇಳಿದಳು, ಕೈಯಲ್ಲಿ ಏನಿತ್ತು, ಎಲ್ಲವನ್ನೂ ಎದೆಯಲ್ಲಿಟ್ಟುಕೊಂಡು ಬಂದು ಸಂಜೆ ಊಟಕ್ಕೆ ಕೂತಾಗ ಏನೂ ಅರಿಯದವನಂತೆ ಕೇಳುತ್ತಿದ್ದ.

"ಮಧ್ಯಾಹ್ನ ಎಲ್ಲೋಗಿದ್ದೆ?"

"ಎಲ್ಲಿಗೋಗಲಿ? ಇಲ್ಲೇ."

"ಇಲ್ಲೇ ಅಂದ್ರೆ?"

"ಇಲ್ಲೇ ಅಂದ್ರೆ ಇಲ್ಲೇ ಕಣಯ್ಯ. ದರ್ಜಿ ಅಣ್ಣನ ಅಂಗಡಿಗೆ ಹೋಗಿದ್ದೆ, ಹೊಲಿಗೆ ಇತ್ತು."

ಅಣ್ಣ. ಆ ಮಾತು ಅನ್ನದಲ್ಲಿ ಸಿಕ್ಕ ಕಲ್ಲಿನಂತೆ ಅವನ ಹಲ್ಲಿಗೆ ಸಿಕ್ಕಿತು. ದರ್ಜಿ ಹೆಂಡತಿ ಸತ್ತವನು. ಕೇರಿಯಲ್ಲಿ ಪುಡಿ ಹತ್ತದ ಕೈ ಅವನದೊಂದೇ. ಬೆರಳುಗಳು ಸಪೂರ, ಉಗುರು ಬೆಳ್ಳಗೆ. ಕಾಗದ ಓದುತ್ತಾನೆ, ಅರ್ಜಿ ಬರೆಯುತ್ತಾನೆ. ಹೆಂಗಸರ ಅಳತೆ ತೆಗೆಯುವವನು. ಅವನ ಅಂಗಡಿಯ ಬಾಗಿಲು ಯಾವ ಕಂಬಕ್ಕೂ ಕಾಣುವುದಿಲ್ಲ. ಅದಕ್ಕೆ ಹೋಗುವ ಸಂದಿ ಮಾತ್ರ ಕಾಣುತ್ತದೆ. ತನ್ನ ಒಡೆದ ಅಂಗೈಯನ್ನು ಅವನು ಮಡಚಿಕೊಂಡ.

*

ನಾಲ್ಕನೇ ಕಂಬದ ಕಣ್ಣಿಗೆ ರಸ್ತೆ ಮಾತ್ರವಲ್ಲ, ಕೇರಿಯ ಹಿಂಬದಿಯ ಬಚ್ಚಲುಗಳೂ ಕಾಣುತ್ತಿದ್ದವು. ಬಚ್ಚಲೆಂದರೆ ನಾಲ್ಕು ಗೂಟ, ಸುತ್ತ ಗೋಣಿತಾಟು, ಮೇಲೆ ಆಕಾಶ. ಅಕ್ಕಪಕ್ಕ ಒಂಬತ್ತು. ಜರಡಿಯ ಹೆಂಗಸರು ಮನೆಗೆಲಸ ಮುಗಿಸಿ ನಾಲ್ಕು ಗಂಟೆಗೆ ಮೈ ತೊಳೆದುಕೊಳ್ಳುತ್ತಿದ್ದರು. ನಾಲ್ಕಕ್ಕೆ ಐದು ನಿಮಿಷವಿದ್ದಾಗ ಠಾಣೆಯ ಕೋಣೆಗೆ ಇನ್ನಿಬ್ಬರು ಪೊಲೀಸರು ಕುರ್ಚಿ ಎಳೆದುಕೊಂಡು ಬರುತ್ತಿದ್ದರು.

"ಏಳೋ ಏಳೋ, ಸಾಕು ನೋಡಿದ್ದು. ನಡಿ ಬಾಂಡ್ಲಿ ಹೊರೋಕೆ."

ಒಂದು ದಿನ ಅವನು ಬಾಗಿಲ ಬಳಿ ಚಪ್ಪಲಿ ಹುಡುಕುವ ನೆಪದಲ್ಲಿ ತಡೆದು ನಿಂತ. ದೊಡ್ಡವ್ವ ಎಲ್ಲರಿಗಿಂತ ಮೊದಲು ಬಚ್ಚಲಿಗೆ ಬಂದು ಎಡಗಡೆ ಗೂಟದ ತುದಿಗೆ ಕೈ ಚಾಚಿದ್ದಳು. ದಫೇದಾರ ತೆರೆಗೆ ಬೆನ್ನು ಹಾಕಿ, "ಥೂ, ಈ ಮುದುಕಿ ಸೇದಿ ಮುಗಿಸೋವರೆಗೂ ಕಾಯ್ಬೇಕಲ್ಲಪ್ಪ," ಎಂದ. ಉಳಿದಿಬ್ಬರು ನಕ್ಕರು.

ಎಡದಿಂದ ಮೂರನೆಯ ಬಚ್ಚಲು ಅವನ ಮನೆಯದು.

"ಸಾರ್," ಎಂದ. "ಕಾಲಿಗೆ ಬೀಳ್ತೀನಿ. ಮೂರನೇದು ನಮ್ದು. ಅದನ್ನ..."

"ಓಹೋ, ಮೂರನೇದು ನಿಂದೇನೋ?" ದಫೇದಾರ ತಿರುಗಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಗೊತ್ತೇ ಇರ್ಲಿಲ್ಲ ಕಣೋ. ಪುಣ್ಯ ಮಾಡಿದೀಯ. ಹೋಗ್ಲಿ ಬಿಡು, ನಿಂದು ಬಂದಾಗ ಕಣ್ಣು ಮುಚ್ಕೋತೀವಿ."

ಮೂವರೂ ಹೊಟ್ಟೆ ಹಿಡಿದು ನಕ್ಕರು. ಅವನು ಹೊರಗೆ ಬಂದ. ದಾರಿಯಲ್ಲಿ ಗಳದಿಂದ ಒಂದೊಂದು ಕಂಬಕ್ಕೂ ಒಂದೊಂದು ಏಟು ಕೊಡಬೇಕೆನಿಸಿತು. ಕೊಡಲಿಲ್ಲ. ಕ್ರಷರಿನ ಗುಜರಿಯಲ್ಲಿ ಬಿದ್ದಿದ್ದ ತಗಡೊಂದನ್ನು ಹೊತ್ತುಕೊಂಡು ಬಂದು ಮೂರನೇ ಬಚ್ಚಲಿನ ಮೇಲೆ ಹೊದಿಸಿದ. ಮೂರರ ಮೇಲೆ ಮಾತ್ರ. ಉಳಿದ ಎಂಟು ಆಕಾಶಕ್ಕೆ ಬಾಯಿ ತೆರೆದುಕೊಂಡೇ ಇದ್ದವು.

ಸಂಜೆ ಅವಳು ತಗಡನ್ನೂ ಅವನನ್ನೂ ನೋಡಿದಳು.

"ಒಂದು ಮಾತು ಕೇಳ್ತೀನಿ. ನೀನು ಆ ತೆರೆ ನೋಡ್ತೀಯಲ್ಲ. ನಾಲ್ಕನೇ ಕಂಬಕ್ಕೆ ನಮ್ಮ ಬಚ್ಚಲು ಕಾಣುತ್ತಾ?"

ಕಾಣುತ್ತದೆ ಎಂದರೆ ಇವಳು ಸುಮ್ಮನಿರುವವಳಲ್ಲ. ಹೆಂಗಸರನ್ನು ಕಟ್ಟಿಕೊಂಡು ಠಾಣೆಗೆ ನುಗ್ಗುತ್ತಾಳೆ. ಆಮೇಲೆ ಆ ಕೋಣೆಯ ಬಾಗಿಲು ಅವನಿಗೆ ಮುಚ್ಚುತ್ತದೆ. ಅವಳ ಮಧ್ಯಾಹ್ನ ಮತ್ತೆ ಅವಳದೇ ಆಗುತ್ತದೆ.

"ಇಲ್ಲ," ಎಂದ. "ರಸ್ತೆ ಮಾತ್ರ."

"ಮತ್ತೆ ತಗಡು ಯಾಕೆ?"

"ಬಿಸಿಲು."

"ಹನ್ನೊಂದು ವರ್ಷ ಬಿಸಿಲಿರ್ಲಿಲ್ವಾ?" ಅವಳು ಅವನ ಮುಖದಿಂದ ಕಣ್ಣು ತೆಗೆಯಲಿಲ್ಲ. "ನೋಡು, ನಿನ್ನನ್ನ ನಾನು ಸೀರೆ ಕೇಳಿಲ್ಲ, ಓಲೆ ಕೇಳಿಲ್ಲ. ಒಂದು ನಿಜ ಕೊಡು, ಸಾಕು. ದರ್ಜಿ ಅಣ್ಣ ಹೇಳ್ದ, ಇದನ್ನ ಕೇಳೋ ಹಕ್ಕು ನಮಗಿದೆಯಂತೆ. ಯಾರು ನೋಡ್ತಾರೆ, ಏನು ನೋಡ್ತಾರೆ, ಎಷ್ಟು ದಿನ ಇಟ್ಕೋತಾರೆ ಅಂತ ಜನರ ಮುಂದೆ ಸಭೆ ಕರೆದು ಹೇಳ್ಲೇಬೇಕಂತೆ. ಅರ್ಜಿ ಬರೀತಿದೀವಿ. ನೀನೊಬ್ನೇ ನಮ್ಮೋರಲ್ಲಿ ಅದನ್ನ ನೋಡಿರೋನು."

ದರ್ಜಿ ಅಣ್ಣ ಹೇಳ್ದ. ಅವನಿಗೆ ಅಷ್ಟೇ ಕೇಳಿಸಿತು.

"ಹೇಳಿದ್ನಲ್ಲ. ರಸ್ತೆ ಮಾತ್ರ."

*

ಅರ್ಜಿಯ ಸುಳಿವು ಠಾಣೆಗೆ ಹೇಗೋ ಮುಟ್ಟಿತ್ತು. ಎಲ್ಲಿ ಸೇರುತ್ತಾರೆ, ಯಾರು ಬರೆಯುತ್ತಾರೆ ಎಂಬುದು ಮುಟ್ಟಿರಲಿಲ್ಲ. ಒಂದು ಮಧ್ಯಾಹ್ನ ದಫೇದಾರ ಅವನಿಗೆ ಕೇಳದೆಯೇ ಚಹಾ ತರಿಸಿದ.

"ಕುಡಿ. ಗಂಡಸು ನೀನು, ನಿನಗೊಂದು ವಿಷಯ ತೋರಿಸ್ಬೇಕು. ಮನಸ್ಸು ತಡೀಲಿಲ್ಲ ಕಣೋ. ಮೊನ್ನೆ ಸಂಜೆ ಆರೂವರೆಯದು."

ತೆರೆಯ ತುಂಬ ನಾಲ್ಕನೇ ಮನೆ. ಕೇರಿಯ ಬಾಯಿ. ಒಬ್ಬ ಗಂಡಸು ಕ್ಯಾಮೆರಾಕ್ಕೆ ಬೆನ್ನು ಹಾಕಿ ಹೋಗುತ್ತಿದ್ದಾನೆ. ತಲೆಯಿಂದ ಕಾಲಿನವರೆಗೆ ಬಿಳಿ. ಹೆಗಲ ಮೇಲೆ ಸೌದೆಯ ಹೊರೆ, ಕೇರಿಯ ಗಂಡಸರೆಲ್ಲ ಸಂಜೆ ಹೊರುವಂಥದ್ದು. ತಲೆ ಹೊರೆಯ ಹಿಂದೆ ಮರೆಯಾಗಿದೆ. ಹಿಂದೆ ಹಿಂದೆ ಅವನ ಹೆಂಡತಿ. ಅವಳು ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿದಳು. ನಡೆಯುತ್ತ ನಡೆಯುತ್ತಲೇ ಆ ಗಂಡಸಿನ ಬೆನ್ನಿಗೆ ಮೆಲ್ಲಗೆ ಬಡಿದಳು. ಪುಡಿ ಎದ್ದಿತು. ಇನ್ನೊಮ್ಮೆ. ಆಮೇಲೆ ಬಟ್ಟೆ ಬಿಟ್ಟು ಅಂಗೈಯಿಂದಲೇ, ಮಲಗಿದ ಮಗುವಿನ ಮೈಮೇಲಿನದನ್ನು ತೆಗೆಯುವ ಹಾಗೆ, ಅವನ ಹೆಗಲಿನ ಕೆಳಗೆ ಸವರಿದಳು. ಅಲ್ಲಿ ಅಂಗಿಗೆ ಚೌಕದ ತೇಪೆಯೊಂದು ಕಂಡಿತು. ನೀಲಿ ಗೆರೆಯ ಬಟ್ಟೆ. ಅವಳು ಆ ತೇಪೆಯ ಮೇಲೆ ಬೆರಳಿಟ್ಟು ತನ್ನಷ್ಟಕ್ಕೆ ನಕ್ಕಳು. ಅದೇ ನಗು. ಮಧ್ಯಾಹ್ನದ್ದು.

ಆ ಬೋಳಿಮಗ ತಿರುಗಿ ಕೂಡ ನೋಡಲಿಲ್ಲ.

ಇಂಥ ಕೈ ತನ್ನ ಮೈಮೇಲೆ ಆಡಿದ್ದು ಎಂದು? ನೆನಪಾಗಲಿಲ್ಲ. ತನಗೆ ಸಿಗದ್ದು ಇನ್ನೊಬ್ಬನಿಗೆ ಬೇಡದೆಯೇ ಸಿಗುತ್ತಿದೆ. ಅವನಿಗೆ ಅದರ ಬೆಲೆಯೂ ತಿಳಿದಿಲ್ಲ.

"ಯಾರು ಸಾರ್ ಅವನು?"

"ನನಗೇನ್ ಗೊತ್ತೋ? ನೀವೆಲ್ಲ ಒಂದೇ ಬಿಳಿ ಹಂದಿಗಳು." ದಫೇದಾರ ಪಕ್ಕದ ಪೊಲೀಸನ ಕಡೆ ನೋಡಿ ಮೀಸೆಯಡಿ ನಗು ತಡೆದುಕೊಂಡ. "ಬೆನ್ನು ನೋಡಿ ನೀನೇ ಗುರುತು ಹಿಡಿ. ಗಂಡ ಅಲ್ವಾ ನೀನು? ಆ, ಮತ್ತೆ ಈ ಹೆಂಗಸರು ಮಂಗಳವಾರ ಮಂಗಳವಾರ ಎಲ್ಲೋ ಸೇರ್ತಾರಂತಲ್ಲ. ಯಾವನ ಮನೇಲಿ ಅಂತ ನಿನಗೂ ಗೊತ್ತಿರ್ಬೇಕು. ಹೇಳು, ಕ್ಯಾಮೆರಾ ತಿರುಗಿಸ್ತೀನಿ. ನಿನ್ನ ಬಚ್ಚಲೂ ಉಳೀತು, ಮನೇನೂ ಉಳೀತು."

ಅವನು ಅಂದು ಹೇಳಲಿಲ್ಲ. ನಾಲ್ಕು ದಿನ ಕ್ರಷರಿನಲ್ಲಿ ಬೆನ್ನುಗಳನ್ನು ನೋಡಿದ. ಬಾಂಡ್ಲಿ ಹೊತ್ತವರ ಹಿಂದೆ ಹಿಂದೆ ನಡೆದ. ನೀರು ಕುಡಿಯಲು ಬಗ್ಗಿದವರ ಹಿಂದೆ ಹೋಗಿ ನಿಂತ. "ಏನಯ್ಯ, ನನ್ನ ಬೆನ್ನಲ್ಲಿ ಏನು ಬರೆದಿದೆ?" ಎಂದು ಡ್ರಿಲ್ಲಿನವನು ಕೇಳಿದ. "ನಮ್ಮ ಕಣ್ಣೊರೆಸೋನಿಗೆ ಈಗ ಬೆನ್ನೊರೆಸೋ ಕೆಲಸಾನೂ ಕೊಟ್ಟವ್ರೆ" ಎಂದು ಇನ್ನೊಬ್ಬ. ನಲವತ್ತು ಬೆನ್ನು ನೋಡಿದ. ಹರಿದವು, ತೂತು ಬಿದ್ದವು, ಹಸಿರು ತೇಪೆಯವು. ನೀಲಿ ಗೆರೆಯ ತೇಪೆ ಮಾತ್ರ ಯಾವುದರಲ್ಲೂ ಇಲ್ಲ.

ಐದನೇ ದಿನ ಗಳದ ಬಟ್ಟೆ ಬದಲಿಸಲು ಚಿಂದಿ ಕೇಳುವ ನೆಪದಲ್ಲಿ ದರ್ಜಿಯ ಅಂಗಡಿಗೆ ಹೋದ. ಯಂತ್ರದ ಕೆಳಗೆ ಚಿಂದಿಯ ರಾಶಿ. ಮೇಲುಗಡೆಯೇ ನೀಲಿ ಗೆರೆಯ ತುಂಡು.

"ತಗೊಳಪ್ಪ, ಎಷ್ಟು ಬೇಕಾದ್ರೂ ತಗೋ," ಎಂದ ದರ್ಜಿ, ಹೊಲಿಗೆಯಿಂದ ಕಣ್ಣೆತ್ತದೆ. "ನಿನ್ನ ಹೆಂಡ್ತಿ ಗಟ್ಟಿ ಹೆಂಗಸು ಕಣಯ್ಯ. ಅವಳಿದ್ರೆ ಕೆಲಸ ಆಗುತ್ತೆ."

ನನ್ನ ಹೆಂಡತಿ ಗಟ್ಟಿಯೋ ಮೆತ್ತಗೋ ನಿನಗೆ ಹೇಗೆ ಗೊತ್ತು? ಅವನು ನೀಲಿ ತುಂಡನ್ನು ಮುಷ್ಟಿಯಲ್ಲಿ ಹಿಡಿದು ನೆಟ್ಟಗೆ ಠಾಣೆಗೆ ನಡೆದ. ಬೆನ್ನು ಯಾರದೋ ಇರಲಿ, ತೇಪೆ ಇವನದು.

"ದರ್ಜಿ ಅಂಗಡಿ," ಎಂದ. "ಮಂಗಳವಾರ, ಎರಡು ಗಂಟೆಗೆ. ಬರೆಯೋನೂ ಅವನೇ."

*

ಮಂಗಳವಾರ ಮೂರು ಗಂಟೆಗೆ ತೆರೆಯ ಕೋಣೆಗೆ ಹೋದಾಗ ಮೂಲೆಯಲ್ಲಿ ದರ್ಜಿಯ ಯಂತ್ರವಿತ್ತು. ಸೂಜಿಯ ಕೆಳಗೆ ಅರ್ಧ ಹೊಲಿದ ಮಗುವಿನ ಅಂಗಿ ಹಾಗೇ ಸಿಕ್ಕಿಕೊಂಡಿತ್ತು. ದಫೇದಾರ ಅದರ ಮರದ ಹಲಗೆಯ ಮೇಲೆ ಚಹಾದ ಲೋಟ ಇಟ್ಟ.

"ಕಂಬದ ಸುತ್ತ ಅನುಮಾನಾಸ್ಪದವಾಗಿ ಓಡಾಡ್ತಿದ್ದ ಅಂತ ಹಾಕಿದೀವಿ. ಬರೆಯೋ ಬೆರಳು ಸ್ವಲ್ಪ ದಿನ ಬರೆಯಲ್ಲ ಬಿಡು."

"ಸಾರ್, ಕ್ಯಾಮೆರಾ ತಿರುಗಿಸ್ತೀನಿ ಅಂದಿದ್ರಿ."

"ಅಂದಿದ್ನಾ?" ದಫೇದಾರ ತೆರೆಯ ಕಡೆ ಕೈ ತೋರಿಸಿದ. "ಆರರಲ್ಲೂ ಮಂಜಿದೆ. ಹೋಗಿ ಒರೆಸು."

ಅವನು ಒರೆಸಲು ಹೋಗಲಿಲ್ಲ. ಮೈಯಲ್ಲಿ ಹುಷಾರಿಲ್ಲ ಎಂದು ಮೇಸ್ತ್ರಿಗೆ ಹೇಳಿ ಮನೆಗೆ ಹೋದ. ಒಲೆ ಹೊತ್ತಿರಲಿಲ್ಲ. ಹೆಂಡತಿ ಹೊಸಿಲ ಮೇಲೆ ಕೂತಿದ್ದಳು, ಮೊಣಕೈ ತರಚಿತ್ತು. ಹೆಬ್ಬೆಟ್ಟು ಒತ್ತಿದ ಹಾಳೆಗಳನ್ನು ಪೊಲೀಸರು ಕಿತ್ತುಕೊಂಡರಂತೆ. ಒಂದು ಪ್ರತಿ ಮಾತ್ರ ಹಿಂದಿನ ವಾರವೇ ಅಂಚೆಯಲ್ಲಿ ಜಿಲ್ಲೆಗೆ ಹೋಗಿತ್ತು. ಅದು ಅವರಿಗೆ ತಿಳಿದಿರಲಿಲ್ಲ.

"ಯಾರೋ ಹೇಳಿಕೊಟ್ಟವ್ರೆ," ಎಂದಳು. "ನಮ್ಮೋರೇ ಯಾರೋ."

ಅವನು ಹಿತ್ತಲಿಗೆ ಹೋದ. ಹಗ್ಗದ ಮೇಲೆ ಒಗೆದ ಬಟ್ಟೆ ಒಣಗುತ್ತಿತ್ತು. ಅವನ ಕೆಲಸದ ಅಂಗಿ ತೋಳು ಜೋತುಬಿಟ್ಟು ಅವನಿಗೆ ಬೆನ್ನು ಹಾಕಿ ನೇತಾಡುತ್ತಿತ್ತು. ಒಗೆದದ್ದರಿಂದ ಪುಡಿಯೆಲ್ಲ ಹೋಗಿತ್ತು. ಹೆಗಲಿನ ಕೆಳಗೆ ನೀಲಿ ಗೆರೆಯ ಚೌಕದ ತೇಪೆ.

ಅವನು ಅದನ್ನೇ ನೋಡುತ್ತ ನಿಂತ.

ಅವನ ಮನೆಯಲ್ಲಿದ್ದ ಕನ್ನಡಿ ಅಂಗೈಯಗಲದ್ದು. ಅದರಲ್ಲಿ ಗಡ್ಡ ಕಂಡರೆ ಹಣೆ ಕಾಣುವುದಿಲ್ಲ. ನಲವತ್ತು ವರ್ಷದಲ್ಲಿ ತನ್ನ ಬೆನ್ನು ಹೇಗಿದೆಯೆಂದು ಅವನು ಒಮ್ಮೆಯೂ ನೋಡಿರಲಿಲ್ಲ.

"ಈ ತೇಪೆ ಯಾವಾಗ ಹಾಕಿಸ್ದೆ?" ಕೂಗಿ ಕೇಳಿದ.

"ಹದಿನೈದು ದಿನ ಆಯ್ತು. ಅವತ್ತೇ ದರ್ಜಿ ಅಣ್ಣನ ಅಂಗಡಿಗೆ ಹೋಗಿದ್ದೆ ಅಂದ್ನಲ್ಲ." ಒಳಗಿನಿಂದ ಅವಳ ದನಿ ಬಂತು. "ಹಾಕ್ಕೊಂಡು ಓಡಾಡ್ತೀಯ, ನಿನಗೆ ಗೊತ್ತೇ ಆಗ್ಲಿಲ್ಲ. ಆಮೇಲೆ ಒಂದಿನ ನೀನು ಸೌದೆ ಹೊತ್ಕೊಂಡು ಬರ್ತಿದ್ದೆ, ಹಿಂದಿನಿಂದ ಧೂಳು ಬಡಿದು ನೋಡ್ದೆ, ಚೆನ್ನಾಗಿ ಕೂತಿತ್ತು. ನಗು ಬಂತು. ನೀನು ತಿರುಗಿ ಕೂಡ ನೋಡ್ಲಿಲ್ಲ."

*

ಜಿಲ್ಲೆಯಿಂದ ಕಾಗದ ಬಂತು. ಅದು ಬಂದ ಹದಿನಾಲ್ಕನೇ ದಿನ ಬೆಳಿಗ್ಗೆ ಹನ್ನೊಂದಕ್ಕೆ ಶಾಲೆಯ ದೊಡ್ಡ ಕೋಣೆಯಲ್ಲಿ ಸಭೆ ಸೇರಿತು. ಮೇಜಿನ ಆಚೆ ಜಿಲ್ಲೆಯ ಸಾಹೇಬರು, ಅವರ ಪಕ್ಕದಲ್ಲಿ ನಾಗರಿಕ ಮೇಲ್ವಿಚಾರಣಾ ಸಮಿತಿಯ ಮೂವರು: ಕ್ರಷರಿನ ಧಣಿ, ಔಷಧಿ ಅಂಗಡಿಯವನು, ನಿವೃತ್ತ ಹೆಡ್‌ಮಾಸ್ತರು. ಎಲ್ಲರ ಮುಂದೆಯೂ ನೀರಿನ ಬಾಟಲಿ. ಕೊನೆಯಲ್ಲಿ ಒಬ್ಬ ಗುಮಾಸ್ತ, ಪೆನ್ನು, ದಪ್ಪ ಪುಸ್ತಕ. ಮೇಜಿನ ಈಚೆ ಮಕ್ಕಳ ಬೆಂಚುಗಳಲ್ಲಿ ಕೇರಿಯವರು ಮೊಣಕಾಲು ಮಡಚಿ ಕೂತಿದ್ದರು. ದಫೇದಾರ ಬಾಗಿಲಿಗೆ ಒರಗಿದ್ದ. ದರ್ಜಿ ಬಂದಿರಲಿಲ್ಲ. ಅವನನ್ನು ಬಿಟ್ಟಿದ್ದರು, ಬಲಗೈಗೆ ಪಟ್ಟಿ ಕಟ್ಟಿಕೊಂಡು ಮಲಗಿದ್ದ.

"ತಾಯಂದಿರೇ," ಎಂದರು ಸಾಹೇಬರು. "ನಿಮ್ಮ ರಕ್ಷಣೆಗಾಗಿಯೇ ಈ ವ್ಯವಸ್ಥೆ. ಆರು ಕ್ಯಾಮೆರಾಗಳೂ ರಸ್ತೆಯನ್ನು ಮಾತ್ರ ನೋಡುತ್ತವೆ. ಸಮಿತಿಯವರು ಪರಿಶೀಲಿಸಿದ್ದಾರೆ."

ಧಣಿ ತಲೆದೂಗಿದರು. ಹೆಡ್‌ಮಾಸ್ತರು ತಮ್ಮ ಬಾಟಲಿಯ ಮುಚ್ಚಳ ನೋಡಿದರು.

ಅವನ ಹೆಂಡತಿ ಎದ್ದು ನಿಂತಳು.

"ಸಾಮಿ, ನಾಲ್ಕನೇ ಕಂಬಕ್ಕೆ ನಮ್ಮ ಬಚ್ಚಲು ಕಾಣುತ್ತೋ ಇಲ್ವೋ?"

"ಹೇಳಿದೆನಲ್ಲಮ್ಮ, ಕಾಣುವುದಿಲ್ಲ."

"ಆ ತೆರೆ ನಮಗೂ ಒಂದು ಸಲ ತೋರಿಸಿ. ಅಷ್ಟೇ ಕೇಳೋದು."

"ಅದು ಸಾಧ್ಯವಿಲ್ಲ. ಭದ್ರತೆಯ ವಿಷಯ. ಪೊಲೀಸರ ಹೊರತು ಇಂದಿನವರೆಗೆ ಬೇರೆ ಯಾರೂ ಆ ಕೋಣೆಗೆ ಕಾಲಿಟ್ಟಿಲ್ಲ. ಏನಪ್ಪ ದಫೇದಾರ?"

"ಇಲ್ಲ ಸಾರ್. ಒಂದು ನೊಣ ಕೂಡ ಬಿಟ್ಟಿಲ್ಲ."

ಅವಳು ಕೂರಲಿಲ್ಲ. ತಲೆ ತಿರುಗಿಸಿ ಹಿಂದಿನ ಬೆಂಚಿನಲ್ಲಿದ್ದ ಗಂಡನನ್ನು ನೋಡಿದಳು. ಇಡೀ ಕೇರಿ ನಿಧಾನವಾಗಿ ಅವಳು ನೋಡಿದ ಕಡೆಗೆ ತಿರುಗಿತು. ಬಾಗಿಲ ಬಳಿಯಿಂದ ದಫೇದಾರನೂ ನೋಡಿದ. ಹುಬ್ಬು ಮೇಲೇರಿಸಿ, ಬೆರಳಿನಿಂದ ತನ್ನ ಬೆನ್ನ ಮೇಲೆ ಒಂದು ಚೌಕ ಬರೆದು ತೋರಿಸಿದ. ಬಾಯಿ ಬಿಟ್ಟರೆ ಅದನ್ನೂ ಹೇಳಿಸಿಬಿಡುತ್ತೇನೆ ಎಂಬ ಹಾಗೆ.

ಅವನು ಎದ್ದ. ಉದ್ದದ ಆಳು, ಎದ್ದರೆ ಕೂತವರಿಗೆಲ್ಲ ಕಾಣುತ್ತಿದ್ದ.

"ನಾನು ನೋಡಿದೀನಿ."

"ಯಾರಪ್ಪ ನೀನು?"

"ಕಣ್ಣೊರೆಸೋನು ಸಾಮಿ."

ಗುಮಾಸ್ತ ಕಿಸಕ್ಕನೆ ನಕ್ಕ.

"ದಿನಾ ಎರಡು ಸಲ ಆ ಕೋಣೇಲಿ ಕೂರ್ತೀನಿ. ನೆಲದ ಮೇಲೆ. ಒಂಬತ್ತು ಬಚ್ಚಲೂ ಕಾಣುತ್ವೆ. ನಾಲ್ಕು ಗಂಟೆಗೆ ಕುರ್ಚಿ ಎಳ್ಕೊಂಡು ಬರ್ತಾರೆ."

"ಸುಳ್ಳು ಸಾರ್, ಕುಡುಕ ಇವನು," ಎಂದ ದಫೇದಾರ.

"ಸಾಕ್ಷಿ ಏನಿದೆ?" ಎಂದರು ಧಣಿ. ಕ್ರಷರಿನಲ್ಲಿ ಬಾಂಡ್ಲಿ ಎಣಿಸುವಾಗಿನ ದನಿ ಅದು.

ಸಾಕ್ಷಿ? ಎದುರು ಬೆಂಚಿನಲ್ಲಿ ದೊಡ್ಡವ್ವ ಕೂತಿದ್ದಳು. ಸೊಸೆಯಂದಿರಿಗೆ, ಮೊಮ್ಮಕ್ಕಳಿಗೆ, ಕೇರಿಯ ಗಂಡಸರಿಗೆಲ್ಲ ಬೀಡಿ ಬಿಡಿರೋ ಎದೆ ಸುಡುತ್ತೆ ಎಂದು ಬೈಯುವವಳು.

"ದೊಡ್ಡವ್ವ, ನನ್ನ ತಪ್ಪನ್ನ ಹೊಟ್ಟೆಗೆ ಹಾಕ್ಕೋ," ಎಂದ. "ಅವಳು ಬಚ್ಚಲಲ್ಲಿ ಕೂತು ಬೀಡಿ ಸೇದ್ತಾಳೆ ಸಾಮಿ. ಎಲ್ಲರಿಗಿಂತ ಮೊದಲು ಬರೋದು ಅದಕ್ಕೇ. ಕಟ್ಟನ್ನ ಎಡಗಡೆ ಗೂಟದ ತುದೀಲಿ ತೂತಿದೆ, ಅಲ್ಲಿ ಸಿಕ್ಸಿಡ್ತಾಳೆ. ಕೆಳಗೆ ನಿಂತೋರಿಗೆ ಅದು ಕಾಣಲ್ಲ. ಮೇಲಿಂದ ಕಾಣುತ್ತೆ."

ದೊಡ್ಡವ್ವನ ಮುಖ ಕೆಂಪಾಯಿತು, ಬೆಳ್ಳಗಾಯಿತು. ಅವಳ ಹಿರಿಯ ಸೊಸೆ ಬಾಯಿಗೆ ಕೈ ಅಡ್ಡ ಹಿಡಿದಳು.

"ನಿನ್ನ ಕಣ್ಣಿಗೆ ಹುಳ ಬೀಳ," ಎಂದಳು ದೊಡ್ಡವ್ವ, ಎದ್ದು ನಿಲ್ಲುತ್ತ. ಆಮೇಲೆ ಮೇಜಿನ ಕಡೆ ತಿರುಗಿದಳು. "ಸೇದ್ತೀನಿ ಕಣ್ರಯ್ಯ! ನಲವತ್ತು ವರ್ಷದಿಂದ ಸೇದ್ತೀನಿ. ನನ್ನ ಗಂಡನೂ ಗೊತ್ತಿಲ್ದೆ ಸತ್ತ. ಆ ಗೂಟ ನನಗೆ, ಆ ದೇವರಿಗೆ ಗೊತ್ತಿತ್ತು. ಈಗ ಠಾಣೆಗೂ ಗೊತ್ತು! ಬರ್ಕೋ." ಗುಮಾಸ್ತನ ಪೆನ್ನು ಅಲುಗಲಿಲ್ಲ. "ಪೆನ್ನು ತೆಗಿಯೋ ಮಗನೆ! ನನ್ನ ಬೀಡೀನೇ ಮೊದಲು ಬರ್ಕೋ."

ಸಾಹೇಬರು ದಫೇದಾರನ ಕಡೆ ನೋಡಿದರು. ದಫೇದಾರ ಮುಂದೆ ಬಂದ.

"ಸಾರ್, ಇವನು ಯಾಕೆ ಬರ್ತಿದ್ದ ಕೇಳಿ. ಹೆಂಡ್ತಿ ಮೇಲೆ ಅನುಮಾನ ಇವನಿಗೆ. ಕಾಲು ಹಿಡಿದು ಅತ್ಕೊಂಡು ಬರ್ತಿದ್ದ. ಹೇಳೋ, ಯಾರ ಬೆನ್ನು ನೋಡ್ದೆ ಹೇಳೋ!"

"ನನ್ನ ಬೆನ್ನೇ," ಎಂದ ಅವನು. "ಬೇರೆ ಯಾರದೋ ಅಂದ್ಕೊಂಡೆ. ಗೊತ್ತಾಗ್ಲಿಲ್ಲ." ಯಾರೋ ನಗಲು ಹೊರಟು ನಿಲ್ಲಿಸಿದರು. "ಆ ಹೊಟ್ಟೆಕಿಚ್ಚಿಗೆ ದರ್ಜಿ ಅಂಗಡಿ ತೋರಿಸಿಕೊಟ್ಟೋನೂ ನಾನೇ. ಅವನ ಬೆರಳು ಮುರಿಸಿದ್ದು ನಾನು. ಅದನ್ನೂ ಬರ್ಕೊಳ್ಳಿ."

ಅವನ ಹೆಂಡತಿ ಕೂತಳು.

"ವಿಷಯವನ್ನು ಪರಿಶೀಲಿಸಲಾಗುವುದು," ಎಂದು ಸಾಹೇಬರು ಬಾಟಲಿ ಎತ್ತಿಕೊಂಡು ಎದ್ದರು. ಗುಮಾಸ್ತ ಪೆನ್ನಿಗೆ ಟೊಪ್ಪಿಗೆ ಹಾಕಿದ. ಪುಸ್ತಕದ ಆ ಪುಟದಲ್ಲಿ ತಾರೀಕು ಮಾತ್ರ ಇತ್ತು.

*

ಬಿಸಿಲು ನೆತ್ತಿಯ ಮೇಲಿತ್ತು. ಅವನು ಮನೆಗೆ ಹೋಗಲಿಲ್ಲ. ಗಳ ತೆಗೆದುಕೊಂಡು ನಾಲ್ಕನೇ ಕಂಬದ ಬುಡಕ್ಕೆ ಬಂದ. ಮೂರನೇ ಬಚ್ಚಲಿನ ತಗಡನ್ನು ಕಿತ್ತು ನೆಲಕ್ಕೆ ಎಸೆದ. ಕ್ರಷರಿನ ಪುಡಿ ಎಲ್ಲೆಲ್ಲೂ ಇತ್ತು, ಹುಡುಕಬೇಕಾಗಿರಲಿಲ್ಲ. ಬೊಗಸೆ ಬೊಗಸೆ ತಗಡಿನ ಮೇಲೆ ಗುಡ್ಡೆ ಹಾಕಿದ. ನೀರಿರಲಿಲ್ಲ.

ಹೆಂಗಸರು ಒಬ್ಬೊಬ್ಬರಾಗಿ ಬಂದು ದೂರ ನಿಂತರು. ಅವರ ನಡುವಿನಿಂದ ಅವನ ಹೆಂಡತಿ ಕೊಡ ಹೊತ್ತು ಬಂದಳು. ಅವನ ಮುಖ ನೋಡದೆ ಪುಡಿಯ ಮೇಲೆ ನೀರು ಸುರಿದಳು.

ಅವನು ಕಲಸಿದ. ನಾದಿ ನಾದಿ ಗಟ್ಟಿ ಗಾರೆ ಮಾಡಿದ. ಗಳದ ತುದಿಯ ಬಟ್ಟೆಯನ್ನು ಅದರಲ್ಲಿ ಅದ್ದಿ ಎತ್ತಿದ. ಗಾಜಿನ ನಡುವಿಗೆ, ಅಂಚಿಗೆ, ಮತ್ತೆ ನಡುವಿಗೆ. ಮೂರು ಸಲ. ಈ ಬಿಸಿಲಿಗೆ ಅರ್ಧ ಗಂಟೆ ಸಾಕು, ಕಲ್ಲಾಗುತ್ತದೆ. ಉಳಿ ಹಾಕಿ ಒಡೆಯಬೇಕು, ಒಡೆದರೆ ಕಣ್ಣೂ ಹೋಗುತ್ತದೆ.

"ಉಳಿದ ಐದಕ್ಕೂ ಸಾಕಾಗುತ್ತೇನೋ?" ಎಂದಳು ದೊಡ್ಡವ್ವ. ಎಲ್ಲರೆದುರೇ ಬೀಡಿ ಹಚ್ಚಿದ್ದಳು. "ಇನ್ನೊಂದು ಕೊಡ ತಗೊಂಡ್ಬನ್ರೇ."

ದೂರದಲ್ಲಿ ಬೈಕಿನ ಸದ್ದು ಕೇಳಿಸಿತು. ಒಂದಲ್ಲ, ಎರಡು ಮೂರು.

ಅವನು ಗಳ ಇಳಿಸಿ ಹೆಂಡತಿಯ ಕಡೆಗೆ ತಿರುಗದೆ ಹೇಳಿದ.

"ನಿಜ ಕೇಳಿದ್ದೆ ನೀನು. ಕೊಟ್ನಲ್ಲ."

"ನನಗೆ ಕೊಡಬೇಕಿತ್ತು. ಮನೇಲಿ, ಕೇಳಿದ ದಿನ," ಎಂದಳು ಅವಳು. "ನೀನು ಸಭೆಗೆ ಕೊಟ್ಟೆ. ಅದು ಅವರಿಗೆ ಸಂದಿತು. ನನ್ನದು ಹಾಗೇ ಇದೆ."

ಖಾಲಿ ಕೊಡವನ್ನು ಸೊಂಟಕ್ಕಿಟ್ಟುಕೊಂಡಳು. ಅವನು ಐದನೇ ಕಂಬದ ಕಡೆಗೆ ನಡೆದ. ಅವಳು ನೀರಿಗೆ ಹೋಗದೆ ನಾಲ್ಕು ಹೆಜ್ಜೆ ಅವನ ಹಿಂದೆಯೇ ಬಂದಳು. ಅವನಿಗೆ ಅವಳ ಹೆಜ್ಜೆ ಕೇಳಿಸುತ್ತಿತ್ತು. ನಡಿಗೆ ನಿಧಾನ ಮಾಡಿದ. ಬೆನ್ನನ್ನು ಸ್ವಲ್ಪ ಬಗ್ಗಿಸಿದ.

ಅವಳ ತಲೆಯ ಬಟ್ಟೆ ಕಟ್ಟಿದ ಹಾಗೇ ಇತ್ತು. ನಲ್ಲಿಯ ಕಡೆ ಹೊರಳುವಲ್ಲಿ ಅವಳು ಹೊರಳಿಕೊಂಡಳು. ಅವನ ಬೆನ್ನ ಮೇಲೆ, ನೀಲಿ ತೇಪೆಯ ಮೇಲೆ, ಧೂಳು ಬೀಳುತ್ತಲೇ ಇತ್ತು.